ಫ್ಯಾನಿ ಲೂ ಹೇಮರ್ ಹೇಳಿದ ಸಾಕ್ಷಿ ಅಮೆರಿಕಕ್ಕೆ ಇವತ್ತೂ ಯಾಕೆ ಬೇಕು?

1964ರ ಆಗಸ್ಟ್ 22. ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ ಡೆಮಾಕ್ರಟಿಕ್ ಪಕ್ಷದ ರಾಷ್ಟ್ರೀಯ ಸಮಾವೇಶಕ್ಕೆ ತಯಾರಿ ನಡೆದಿತ್ತು. ಯಾವ ರಾಜ್ಯದಿಂದ ಬಂದವರಲ್ಲಿ ಯಾರು ನಿಜವಾದ ಪ್ರತಿನಿಧಿಗಳು ಅಂತ ತೀರ್ಮಾನ ಮಾಡುವ ಸಮಿತಿಯ ಮುಂದೆ, ಮಿಸಿಸಿಪ್ಪಿಯ ಬಿಳಿಯರ ತಂಡಕ್ಕೆ ಎದುರಾಗಿ ಬಂದ ಗುಂಪಿನ ಪರವಾಗಿ, ಕಪ್ಪು ಜನರ ಹಕ್ಕಿನ ಹೋರಾಟಗಾರ್ತಿ ಫ್ಯಾನಿ ಲೂ ಹೇಮರ್ ಬಂದು ಕೂತರು. ಎದುರಿಗೆ ಟಿವಿ ಕ್ಯಾಮೆರಾಗಳಿದ್ದವು. ಮೊದಲು ತಮ್ಮ ಹೆಸರು ಹೇಳಿದರು. ಆಮೇಲೆ ಮನೆ ನಂಬರು, ಬೀದಿ, ಊರು, ಕೌಂಟಿ ಎಲ್ಲವನ್ನೂ ಹೇಳಿದರು. ಅದು ಸೆನೆಟರ್ ಜೇಮ್ಸ್ ಈಸ್ಟ್‌ಲ್ಯಾಂಡ್ ಅವರ ಊರಿನ ಕಡೆ ಅಂತಲೂ ಸೇರಿಸಿದರು.

ಆ ಕಾಲದ ಮಿಸಿಸಿಪ್ಪಿಯಲ್ಲಿ ಒಬ್ಬ ಕಪ್ಪು ಹೆಂಗಸು ಇಡೀ ದೇಶ ಕೇಳುವಂತೆ ತನ್ನ ವಿಳಾಸ ಹೇಳುವುದು ಸಣ್ಣ ಮಾತಲ್ಲ. ಎರಡು ವರ್ಷದ ಹಿಂದೆ ಇವರನ್ನು ಗುರಿಯಾಗಿಟ್ಟುಕೊಂಡು ಪರಿಚಯದವರ ಮನೆಗೆ 16 ಗುಂಡು ಹಾರಿಸಿದ್ದರು. ಈಸ್ಟ್‌ಲ್ಯಾಂಡ್ ಅದೇ ಸನ್‌ಫ್ಲವರ್ ಕೌಂಟಿಯ ದೊಡ್ಡ ಹತ್ತಿ ಜಮೀನ್ದಾರರು. ನಾಗರಿಕ ಹಕ್ಕಿನ ಮಸೂದೆಗಳು ಹೋಗುತ್ತಿದ್ದ ಸೆನೆಟ್ ನ್ಯಾಯಾಂಗ ಸಮಿತಿಗೆ ಅವರೇ ಅಧ್ಯಕ್ಷರು.

ಹೇಮರ್ ಮಾತಾಡುತ್ತಿದ್ದಾಗಲೇ ಅಧ್ಯಕ್ಷ ಲಿಂಡನ್ ಜಾನ್ಸನ್ ವೈಟ್ ಹೌಸಿನಲ್ಲಿ ದಿಢೀರ್ ಪತ್ರಿಕಾಗೋಷ್ಠಿ ಕರೆದರು. ಟಿವಿ ಚಾನೆಲ್‌ಗಳು ಅತ್ತ ತಿರುಗಿದವು. ದಕ್ಷಿಣದ ರಾಜ್ಯಗಳ ಬಿಳಿಯರ ವೋಟು ಕೈತಪ್ಪೀತು ಅನ್ನುವ ಭಯ ಜಾನ್ಸನ್ ಅವರಿಗೆ. ಆದರೆ ರಾತ್ರಿ ಸುದ್ದಿಯಲ್ಲಿ ಹೇಮರ್ ಮಾತು ಮತ್ತೆ ಬಂತು. ಹಗಲು ನೋಡುವವರಿಗಿಂತ ಜಾಸ್ತಿ ಜನ ಆಗ ನೋಡಿದರು.

ಕಪ್ಪು ಜನರ ಹಕ್ಕಿನ ಹೋರಾಟಗಾರರ ದನಿಗೆ ಇವತ್ತೂ ಬೆಲೆ ಇದೆ ಅಂತ ಎಲ್ಲರೂ ಹೇಳುತ್ತಾರೆ. ಯಾವ ಕಾರಣಕ್ಕೆ ಬೆಲೆ ಅನ್ನುವುದನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ನನ್ನ ಪ್ರಕಾರ ಆ ದನಿಗಳು ನಮಗೆ ಸ್ಫೂರ್ತಿ ಕೊಡುತ್ತವೆ ಅನ್ನುವುದು ಎರಡನೇ ಮಾತು. ಮೊದಲನೆಯದಾಗಿ ಅವು ಸಾಕ್ಷಿಗಳು. ಕಾಗದದ ಮೇಲೆ ಇರುವ ಹಕ್ಕನ್ನು ಕೈಗೆ ಸಿಗದಂತೆ ಹೇಗೆ ಮಾಡುತ್ತಾರೆ, ಯಾವ ಕಿಟಕಿಯಲ್ಲಿ ತಡೆಯುತ್ತಾರೆ, ಯಾವ ಫಾರಂನಲ್ಲಿ ಸಿಕ್ಕಿಸುತ್ತಾರೆ ಅನ್ನುವುದನ್ನು ಅವರು ಒಂದೊಂದಾಗಿ ಹೇಳಿ ದಾಖಲೆಗೆ ಸೇರಿಸಿದರು. ಅಮೆರಿಕದಲ್ಲಿ ಈಗ ವೋಟಿನ ಕಾನೂನುಗಳ ಬಗ್ಗೆ ನಡೆಯುತ್ತಿರುವ ಜಗಳಕ್ಕೆ ಬೇಕಾಗಿರುವುದು ಆ ವಿವರಗಳೇ.

ನಾವು ಸಾಮಾನ್ಯವಾಗಿ ಕೇಳುವುದು ವಿವರಗಳನ್ನಲ್ಲ. ಮಾರ್ಟಿನ್ ಲೂಥರ್ ಕಿಂಗ್ ಅಂದರೆ 1963ರ ಆಗಸ್ಟ್ 28ರ ಭಾಷಣದ ಕನಸಿನ ಭಾಗ ಎಲ್ಲರಿಗೂ ಗೊತ್ತು. ಅದೇ ಭಾಷಣದ ಮೊದಲ ಭಾಗದಲ್ಲಿ ಅವರು ಲೆಕ್ಕ ಕೇಳಿದ್ದರು. ಅಮೆರಿಕ ಕಪ್ಪು ಜನರಿಗೆ ಕೊಟ್ಟ ಚೆಕ್ಕು ಖಾತೆಯಲ್ಲಿ ಹಣ ಇಲ್ಲ ಅಂತ ವಾಪಸ್ ಬಂದಿದೆ ಅಂದಿದ್ದರು. ಆ ಭಾಗವನ್ನು ಶಾಲೆಯ ಸಮಾರಂಭಗಳಲ್ಲಿ ಯಾರೂ ಓದಿಸುವುದಿಲ್ಲ. ಬದುಕಿದ್ದಾಗ ಅವರನ್ನು ಎಲ್ಲರೂ ತಲೆಮೇಲೆ ಹೊತ್ತು ಮೆರೆಸಿದ್ದರು ಅಂದುಕೊಳ್ಳುವುದೂ ತಪ್ಪು. 1966ರ ಗ್ಯಾಲಪ್ ಸಮೀಕ್ಷೆಯಲ್ಲಿ 63% ಅಮೆರಿಕನ್ನರಿಗೆ ಕಿಂಗ್ ಬಗ್ಗೆ ಒಳ್ಳೆಯ ಅಭಿಪ್ರಾಯ ಇರಲಿಲ್ಲ. ಎರಡು ವರ್ಷಕ್ಕೆ ಮೆಂಫಿಸ್‌ನಲ್ಲಿ ಪೌರಕಾರ್ಮಿಕರ ಮುಷ್ಕರಕ್ಕೆ ಬೆಂಬಲ ಕೊಡಲು ಹೋದಾಗ ಅವರ ಕೊಲೆಯಾಯಿತು.

ಹಾಗಾಗಿ ಕಿಂಗ್ ಅವರನ್ನು ಸ್ವಲ್ಪ ಪಕ್ಕಕ್ಕಿಟ್ಟು ಹೇಮರ್ ಕಡೆ ಬರೋಣ. ಸುಂದರವಾದ ಮಾತಿನ ಹಿಂದೆ ಅಡಗಿಸಲಿಕ್ಕೆ ಆಗದ ಸಾಕ್ಷಿ ಅವರದು.

ಹೇಮರ್ ಹುಟ್ಟಿದ್ದು 1917ರಲ್ಲಿ, 20 ಮಕ್ಕಳ ಮನೆಯಲ್ಲಿ ಕೊನೆಯವರಾಗಿ. ಅಪ್ಪ, ಅಮ್ಮ ಬೇರೆಯವರ ಹೊಲವನ್ನು ಪಾಲಿಗೆ ಮಾಡುತ್ತಿದ್ದವರು. ಆರನೇ ವಯಸ್ಸಿಗೇ ಹತ್ತಿ ಬಿಡಿಸಲು ಇಳಿದರು. ದೊಡ್ಡವರಾದ ಮೇಲೆ ಗಂಡನ ಜೊತೆ ಒಂದೇ ಜಮೀನ್ದಾರನ ಹತ್ತಿರ 18 ವರ್ಷ ದುಡಿದರು. 1962ರ ಆಗಸ್ಟ್‌ನಲ್ಲಿ ರೂಲ್‌ವಿಲ್‌ನ ಒಂದು ಚರ್ಚಿನಲ್ಲಿ ವಿದ್ಯಾರ್ಥಿ ಹೋರಾಟಗಾರರು ಸಭೆ ಮಾಡಿದರು. ಕಪ್ಪು ಜನ ಮತದಾರರ ಪಟ್ಟಿಗೆ ಸೇರಬಹುದು, ವೋಟು ಹಾಕಬಹುದು ಅನ್ನುವ ವಿಷಯವೇ ತನಗೆ ಅವತ್ತು ಗೊತ್ತಾಗಿದ್ದು ಅಂತ ಹೇಮರ್ ಮುಂದೆ ಹೇಳಿದರು. ಆಗ ಅವರ ವಯಸ್ಸು 44. ಬಣ್ಣದ ಕಾರಣಕ್ಕೆ ಯಾರ ವೋಟನ್ನೂ ಕಸಿಯಬಾರದು ಅಂತ ಸಂವಿಧಾನದ 15ನೇ ತಿದ್ದುಪಡಿ ಬಂದದ್ದು 1870ರಲ್ಲಿ. 92 ವರ್ಷದ ಹಿಂದಿನ ಕಾನೂನಿನ ಸುದ್ದಿ ಅವರ ಹೊಲದವರೆಗೆ ಬಂದೇ ಇರಲಿಲ್ಲ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ನಮ್ಮ ದೇಶದಲ್ಲಿ ಮೊದಲ ಸಾರ್ವತ್ರಿಕ ಚುನಾವಣೆಯ ಕಾಲದಿಂದಲೂ ಮತದಾರರ ಪಟ್ಟಿ ಮಾಡುವುದು ಸರ್ಕಾರದ ಕೆಲಸ ಅಂತ ರೂಢಿಯಾಗಿದೆ. ಬಿಎಲ್‌ಒ ಮನೆಗೆ ಬರುತ್ತಾರೆ, ಹೆಸರು ಕೇಳುತ್ತಾರೆ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಪಟ್ಟಿಗೆ ಸೇರುವುದು ಹೆಚ್ಚಾಗಿ ಆಯಾ ನಾಗರಿಕರ ತಲೆನೋವು. ಆಗೆಲ್ಲ ತಾವೇ ಕಚೇರಿಗೆ ಹೋಗಬೇಕಿತ್ತು, ಫಾರಂ ತುಂಬಬೇಕಿತ್ತು, ಅಲ್ಲಿ ಕೂತ ಗುಮಾಸ್ತ ಒಪ್ಪಬೇಕಿತ್ತು. ತಡೆಯುವ ಮನಸ್ಸಿದ್ದವರು ಮತಗಟ್ಟೆಯಲ್ಲಿ ಕಾಯಬೇಕಾಗಿಯೇ ಇರಲಿಲ್ಲ. ಈ ಕಚೇರಿಯಲ್ಲೇ ಕೆಲಸ ಮುಗಿಸಬಹುದಿತ್ತು.

ಮಿಸಿಸಿಪ್ಪಿ ಮಾಡಿದ್ದೂ ಅದನ್ನೇ. 1890ರ ರಾಜ್ಯ ಸಂವಿಧಾನದಲ್ಲಿ ಕಪ್ಪು ಜನ ಅನ್ನುವ ಮಾತು ಎತ್ತದೆಯೇ ಅವರನ್ನು ಹೊರಗಿಟ್ಟರು. ತಲೆಗಂದಾಯ ಕಟ್ಟಿದ ರಸೀದಿ ಬೇಕು ಅಂದರು. ಸಂವಿಧಾನದ ಒಂದು ಭಾಗ ಓದಿ, ಇಲ್ಲವೇ ಕೇಳಿ, ಅರ್ಥ ಹೇಳಬೇಕು ಅಂದರು. ಅರ್ಥ ಸರಿಯೋ ತಪ್ಪೋ ಅಂತ ತೀರ್ಮಾನಿಸುವುದು ರಿಜಿಸ್ಟ್ರಾರ್.

1962ರ ಆಗಸ್ಟ್ 31ರಂದು 18 ಜನ ಒಂದು ಹಳೆಯ ಬಸ್ಸಿನಲ್ಲಿ 26 ಮೈಲಿ ದೂರದ ಇಂಡಿಯನೋಲಾ ಕೋರ್ಟ್ ಕಟ್ಟಡಕ್ಕೆ ಹೋದರು. ಹೊರಗೆ ಪೊಲೀಸರಿದ್ದರು. ಒಂದು ಸಲಕ್ಕೆ ಇಬ್ಬರನ್ನೇ ಒಳಗೆ ಬಿಟ್ಟರು. ಫಾರಂನಲ್ಲಿ ಎಲ್ಲಿ ಕೆಲಸ ಮಾಡುತ್ತೀರಿ ಅಂತ ಬರೆಯಬೇಕಿತ್ತು. ಅರ್ಜಿ ಹಾಕಿದವರ ಹೆಸರನ್ನು ಎರಡು ವಾರ ಪತ್ರಿಕೆಯಲ್ಲಿ ಹಾಕಿಸಬೇಕು ಅಂತ ಅದೇ ವರ್ಷ ರಾಜ್ಯ ಕಾನೂನು ಮಾಡಿತ್ತು. ಅಂದರೆ ಕೆಲಸ ಕೊಟ್ಟ ಧಣಿಗೆ ಗೊತ್ತಾಗದೆ ಅರ್ಜಿ ಹಾಕಲು ದಾರಿಯೇ ಇರಲಿಲ್ಲ. ಹೇಮರ್ ಅವರಿಗೆ ಅರ್ಥ ಹೇಳಲು ಕೊಟ್ಟದ್ದು ವಕೀಲರೇ ತಲೆ ಕೆರೆದುಕೊಳ್ಳುವಂಥ ಒಂದು ಸೆಕ್ಷನ್. ಅವರನ್ನು ಫೇಲ್ ಮಾಡಿದರು.

ವಾಪಸ್ ಬರುವಾಗ ಪೊಲೀಸರು ಬಸ್ಸು ನಿಲ್ಲಿಸಿ ಡ್ರೈವರ್ ಮೇಲೆ ಕೇಸು ಹಾಕಿದರು. ಬಸ್ಸಿನ ಬಣ್ಣ ತಪ್ಪು, ಶಾಲಾ ಬಸ್ಸಿನ ಹಾಗೆ ಹಳದಿ ಇದೆ ಅನ್ನುವುದು ಕಾರಣ. ಆ ಬಸ್ಸು ಅಷ್ಟು ದಿನ ಅದೇ ಬಣ್ಣದಲ್ಲಿ ಕೂಲಿಯವರನ್ನು ಹೊಲಕ್ಕೆ ಹೊತ್ತು ಓಡಾಡಿತ್ತು. ಆಗ ಯಾರಿಗೂ ಬಣ್ಣ ಕಂಡಿರಲಿಲ್ಲ. ಬಸ್ಸಿನಲ್ಲಿದ್ದವರೇ ಚಂದಾ ಎತ್ತಿ ದಂಡ ಕಟ್ಟಿದರು. ಮನೆ ಮುಟ್ಟುವಷ್ಟರಲ್ಲಿ ಜಮೀನ್ದಾರನಿಗೆ ಸುದ್ದಿ ಮುಟ್ಟಿತ್ತು. ಅರ್ಜಿ ವಾಪಸ್ ತಗೋ, ಇಲ್ಲಾಂದ್ರೆ ಜಾಗ ಖಾಲಿ ಮಾಡು ಅಂದ. "ನಾನು ನಿಮಗೋಸ್ಕರ ಅರ್ಜಿ ಹಾಕಲಿಲ್ಲ, ನನಗೋಸ್ಕರ ಹಾಕಿದೆ" ಅಂತ ಹೇಮರ್ ಉತ್ತರ ಕೊಟ್ಟರು. ಅವತ್ತು ರಾತ್ರಿಯೇ ಮನೆ ಬಿಡಬೇಕಾಯಿತು.

ಮುಂದಿನ ವರ್ಷ ಜನವರಿಯಲ್ಲಿ ಪರೀಕ್ಷೆ ಪಾಸಾದರು. ಆದರೂ ವೋಟು ಹಾಕಲು ಆಗಲಿಲ್ಲ. ತಲೆಗಂದಾಯದ ರಸೀದಿ ಇರಲಿಲ್ಲ.

1963ರ ಜೂನ್ 9ರಂದು ತರಬೇತಿ ಮುಗಿಸಿ ಬರುವಾಗ ವಿನೋನಾ ಅನ್ನುವ ಊರಿನ ಬಸ್ ನಿಲ್ದಾಣದಲ್ಲಿ ಅವರನ್ನೂ ಜೊತೆಗಾರರನ್ನೂ ಪೊಲೀಸರು ಹಿಡಿದರು. ಜೈಲಿನಲ್ಲಿ ಇಬ್ಬರು ಕಪ್ಪು ಕೈದಿಗಳ ಕೈಗೆ ಲಾಠಿ ಕೊಟ್ಟು ಅವರಿಂದಲೇ ಹೊಡೆಸಿದರು. ಹೇಮರ್ ಅವರ ಮೂತ್ರಪಿಂಡಕ್ಕೂ ಒಂದು ಕಣ್ಣಿಗೂ ಆದ ಪೆಟ್ಟು ಸಾಯುವವರೆಗೂ ಹೋಗಲಿಲ್ಲ. ಪೊಲೀಸರ ಮೇಲೆ ಕೇಸು ನಡೆಯಿತು. ಬಿಳಿಯರೇ ಇದ್ದ ಜ್ಯೂರಿ ಎಲ್ಲರನ್ನೂ ಬಿಟ್ಟುಬಿಟ್ಟಿತು. ಅಟ್ಲಾಂಟಿಕ್ ಸಿಟಿಯಲ್ಲಿ ಹೇಮರ್ ಈ ಎಲ್ಲವನ್ನೂ ದಿನಾಂಕ, ಊರಿನ ಹೆಸರುಗಳ ಸಮೇತ ಹೇಳಿದರು. ಮರ್ಯಾದೆಯಿಂದ ಬದುಕುತ್ತೇವೆ ಅಂದದ್ದಕ್ಕೆ ಫೋನ್ ರಿಸೀವರ್ ಕೆಳಗಿಟ್ಟು ಮಲಗಬೇಕಾದ ಈ ದೇಶ ಅಮೆರಿಕವೇ ಅಂತ ಕೊನೆಗೆ ಕೇಳಿದರು. ಇಡೀ ಸಾಕ್ಷಿಯಲ್ಲಿ ದೊಡ್ಡ ಮಾತು ಅಂತಿದ್ದರೆ ಅದೊಂದೇ. ಉಳಿದದ್ದೆಲ್ಲ ನಡೆದದ್ದು ನಡೆದ ಹಾಗೆ. ಅದಕ್ಕೇ ಅದನ್ನು ಅಲ್ಲಗಳೆಯಲು ಆಗಲಿಲ್ಲ.

ಡೆಮಾಕ್ರಟಿಕ್ ಪಕ್ಷ ಅವರ ಗುಂಪಿಗೆ ಸಮಾವೇಶದಲ್ಲಿ ಎರಡು ಸೀಟು ಕೊಡುತ್ತೇವೆ ಅಂದಿತು. ಇಷ್ಟು ದೂರ ಬಂದದ್ದು ಬರೀ ಎರಡು ಸೀಟಿಗಲ್ಲ ಅಂತ ಹೇಮರ್ ನಿರಾಕರಿಸಿದರು. ಆವತ್ತಿನ ಲೆಕ್ಕದಲ್ಲಿ ಅದು ಸೋಲು. ಆದರೆ ಮುಂದಿನ ಮಾರ್ಚ್ 7ರಂದು ಅಲಬಾಮಾದ ಸೆಲ್ಮಾ ಸೇತುವೆಯ ಮೇಲೆ ಪೊಲೀಸರು ಮೆರವಣಿಗೆಯವರನ್ನು ಬಡಿದರು. 25 ವರ್ಷದ ಹೋರಾಟಗಾರ ಜಾನ್ ಲೂಯಿಸ್ ಅವರ ತಲೆಬುರುಡೆ ಬಿರಿಯಿತು. ಅದನ್ನೂ ದೇಶ ಟಿವಿಯಲ್ಲಿ ನೋಡಿತು. ಅದೇ ಜಾನ್ಸನ್ 1965ರ ಆಗಸ್ಟ್ 6ರಂದು ಮತದಾನ ಹಕ್ಕು ಕಾಯ್ದೆಗೆ ಸಹಿ ಹಾಕಿದರು.

ಈ ಕಾಯ್ದೆಯ ಜಾಣತನ ಎಲ್ಲಿದೆ ಅಂತ ಗೊತ್ತಾದರೆ ಇವತ್ತಿನ ಜಗಳವೂ ಅರ್ಥವಾಗುತ್ತದೆ. ಅಲ್ಲಿಯವರೆಗೆ ಒಂದು ಕೆಟ್ಟ ನಿಯಮ ಬಂದರೆ ಜನ ಕೋರ್ಟಿಗೆ ಹೋಗಬೇಕಿತ್ತು. ವರ್ಷಗಟ್ಟಲೆ ಕೇಸು ನಡೆದು ಗೆಲ್ಲುವಷ್ಟರಲ್ಲಿ ಎರಡು ಚುನಾವಣೆ ಮುಗಿದಿರುತ್ತಿದ್ದವು. ರಾಜ್ಯ ಇನ್ನೊಂದು ನಿಯಮ ತರುತ್ತಿತ್ತು. ಹೊಸ ಕಾಯ್ದೆಯ 5ನೇ ಸೆಕ್ಷನ್ ಇದನ್ನು ತಿರುಗಿಸಿ ಹಾಕಿತು. ತಾರತಮ್ಯದ ಇತಿಹಾಸ ಇರುವ ರಾಜ್ಯಗಳು ಚುನಾವಣಾ ನಿಯಮದಲ್ಲಿ ಏನೇ ಬದಲಾಯಿಸಬೇಕಾದರೂ ಮೊದಲೇ ಕೇಂದ್ರದ ಒಪ್ಪಿಗೆ ಪಡೆಯಬೇಕು. ಮತಗಟ್ಟೆ ಬೇರೆ ಕಡೆ ಹಾಕಬೇಕಾದರೂ ಅಷ್ಟೇ. ಇದರಿಂದ ಯಾರಿಗೂ ತೊಂದರೆ ಇಲ್ಲ ಅಂತ ರಾಜ್ಯವೇ ತೋರಿಸಬೇಕು. ಓಡಾಡುವ ಕಷ್ಟ ಮತದಾರರ ಹೆಗಲಿನಿಂದ ಸರ್ಕಾರದ ಹೆಗಲಿಗೆ ಹೋಯಿತು. ಮಿಸಿಸಿಪ್ಪಿಯಲ್ಲಿ 1965ರ ಮೊದಲು ಪಟ್ಟಿಯಲ್ಲಿದ್ದ ಅರ್ಹ ಕಪ್ಪು ಜನ 6.7%. 1967ಕ್ಕೆ 59.8%. ಜನ ಅವರೇ, ಊರು ಅದೇ. ಬದಲಾದದ್ದು ನಿಯಮ ಮಾತ್ರ.

ಕಾಯ್ದೆ ಬಂದ ತಕ್ಷಣ ಎಲ್ಲ ಸರಿಹೋಯಿತು ಅಂತಲ್ಲ. ಸನ್‌ಫ್ಲವರ್ ಊರಿನ ಚುನಾವಣೆಯಲ್ಲಿ ಹೊಸದಾಗಿ ಪಟ್ಟಿಗೆ ಸೇರಿದ ಕಪ್ಪು ಜನರಿಗೆ ವೋಟು ಹಾಕಲು ಅವಕಾಶ ಇಲ್ಲದಾಗ ಹೇಮರ್ ಕೋರ್ಟಿಗೆ ಹೋದರು. 1966ರಲ್ಲಿ ಮೇಲ್ಮನವಿ ಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟು ಚುನಾವಣೆಯನ್ನೇ ರದ್ದು ಮಾಡಿತು. ಮರುಚುನಾವಣೆಯಲ್ಲಿ ಕಪ್ಪು ಅಭ್ಯರ್ಥಿಗಳು ಸೋತರು. ಹೊಟ್ಟೆಪಾಡಿಗೆ ಬಿಳಿಯ ಧಣಿಯನ್ನೇ ನಂಬಿದ್ದವರು ಎಷ್ಟು ಧೈರ್ಯ ಮಾಡಿಯಾರು? ಅದನ್ನು ಅರಿತೇ ಹೇಮರ್ 1969ರಲ್ಲಿ 40 ಎಕರೆಯಿಂದ ಒಂದು ಸಹಕಾರಿ ಬೇಸಾಯ ಶುರು ಮಾಡಿದರು. ಬಡ ಕುಟುಂಬಗಳಿಗೆ ಹೆಣ್ಣು ಹಂದಿ ಸಾಕಲು ಕೊಟ್ಟು, ಮರಿಗಳಲ್ಲಿ ಒಂದೆರಡನ್ನು ವಾಪಸ್ ಪಡೆದು ಇನ್ನೊಂದು ಮನೆಗೆ ಕೊಡುತ್ತಿದ್ದರು. ವೋಟು ಮತ್ತು ಊಟ ಒಂದೇ ವಿಷಯ ಅಂತ ಅವರು ಅರ್ಥಮಾಡಿಕೊಂಡಷ್ಟು ಚೆನ್ನಾಗಿ ದೊಡ್ಡ ದೊಡ್ಡ ನಾಯಕರೂ ಅರ್ಥಮಾಡಿಕೊಂಡಿರಲಿಲ್ಲ ಅನ್ನುವುದು ನನ್ನ ಅನಿಸಿಕೆ. 1977ರಲ್ಲಿ ಅವರು ತೀರಿಕೊಂಡರು. ಅಮೆರಿಕದ ಅತಿ ದೊಡ್ಡ ನಾಗರಿಕ ಗೌರವ ಅವರಿಗೆ ಸಿಕ್ಕಿದ್ದು 2025ರ ಜನವರಿಯಲ್ಲಿ.

ಈಗಿನ ಕಥೆಗೆ ಬರೋಣ. 2006ರಲ್ಲಿ ಅಮೆರಿಕದ ಸಂಸತ್ತು ಈ ಕಾಯ್ದೆಯನ್ನು 25 ವರ್ಷಕ್ಕೆ ಮುಂದುವರಿಸಿತು. ಅದಕ್ಕೆ ಮೊದಲು ಸಾವಿರಾರು ಪುಟ ಸಾಕ್ಷಿ ಸಂಗ್ರಹಿಸಿತ್ತು. ಸೆನೆಟ್‌ನಲ್ಲಿ 98 ವೋಟು ಪರ, ವಿರುದ್ಧ ಒಂದೂ ಇಲ್ಲ. ಆ ಮಸೂದೆಗೆ ಮೂವರು ಹೆಂಗಸರ ಹೆಸರಿಟ್ಟಿದ್ದರು: ಫ್ಯಾನಿ ಲೂ ಹೇಮರ್, ರೋಸಾ ಪಾರ್ಕ್ಸ್, ಕೊರೆಟಾ ಸ್ಕಾಟ್ ಕಿಂಗ್.

ಏಳು ವರ್ಷಕ್ಕೆ, 2013ರ ಜೂನ್ 25ರಂದು, ಶೆಲ್ಬಿ ಕೌಂಟಿ ಕೇಸಿನಲ್ಲಿ ಸುಪ್ರೀಂ ಕೋರ್ಟು 5–4ರ ತೀರ್ಪಿನಿಂದ ಆ ಕಾಯ್ದೆಯ ಬೆನ್ನುಮೂಳೆ ಮುರಿಯಿತು. ಯಾವ ರಾಜ್ಯಗಳು ಒಪ್ಪಿಗೆ ಪಡೆಯಬೇಕು ಅನ್ನುವ ಸೂತ್ರ ಹಳೆಯದಾಯಿತು, ಕಾಲ ಬದಲಾಗಿದೆ ಅಂತ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಬರೆದರು. ಸೂತ್ರ ಹೋದ ಮೇಲೆ 5ನೇ ಸೆಕ್ಷನ್ ಪುಸ್ತಕದಲ್ಲಿ ಉಳಿಯಿತು, ಕೆಲಸಕ್ಕೆ ಬಾರದಾಯಿತು. ಭಿನ್ನಮತ ಬರೆದ ರೂತ್ ಬೇಡರ್ ಗಿನ್ಸ್‌ಬರ್ಗ್, ನೆನೆಯುತ್ತಿಲ್ಲ ಅಂತ ಜೋರು ಮಳೆಯಲ್ಲಿ ಕೊಡೆ ಬಿಸಾಡಿದ ಹಾಗಾಯಿತು ಇದು ಅಂದರು.

ಮಳೆ ನಿಂತಿರಲಿಲ್ಲ. ತೀರ್ಪು ಬಂದ ದಿನವೇ ಟೆಕ್ಸಸ್ ಅದುವರೆಗೆ ಒಪ್ಪಿಗೆ ಸಿಗದೆ ನಿಂತಿದ್ದ ಗುರುತಿನ ಚೀಟಿ ಕಾನೂನನ್ನು ಜಾರಿ ಮಾಡುತ್ತೇವೆ ಅಂದಿತು. ಬಂದೂಕಿನ ಲೈಸೆನ್ಸ್ ತೋರಿಸಿ ವೋಟು ಹಾಕಬಹುದು, ಕಾಲೇಜಿನ ಐಡಿ ಕಾರ್ಡ್ ನಡೆಯುವುದಿಲ್ಲ. ಆಮೇಲೆ ಕೋರ್ಟುಗಳು ಅದನ್ನು ಸಡಿಲ ಮಾಡಿಸಿದವು. ನಾರ್ತ್ ಕೆರೊಲಿನಾ ಇನ್ನೂ ಮುಂದೆ ಹೋಯಿತು. ಯಾವ ಜನಾಂಗದವರು ಯಾವ ರೀತಿಯಲ್ಲಿ ವೋಟು ಹಾಕುತ್ತಾರೆ ಅಂತ ಅಂಕಿಅಂಶ ತರಿಸಿಕೊಂಡು, ಕಪ್ಪು ಜನ ಜಾಸ್ತಿ ಬಳಸುತ್ತಿದ್ದ ಸೌಲಭ್ಯಗಳನ್ನೇ ಕಡಿತ ಮಾಡಿತು. ಮುಂಚಿತ ಮತದಾನ 17 ದಿನದಿಂದ 10 ದಿನಕ್ಕೆ ಇಳಿಯಿತು. 2016ರಲ್ಲಿ ಮೇಲ್ಮನವಿ ಕೋರ್ಟು ಈ ಕಾನೂನನ್ನು ರದ್ದು ಮಾಡುತ್ತಾ, ಇದು ಹೆಚ್ಚುಕಡಿಮೆ ಶಸ್ತ್ರಚಿಕಿತ್ಸೆಯ ನಿಖರತೆಯಿಂದ ಕಪ್ಪು ಜನರನ್ನು ಗುರಿ ಮಾಡಿದೆ ಅಂದಿತು. ರದ್ದಾಗುವಷ್ಟರಲ್ಲಿ ಮೂರು ವರ್ಷ ಹೋಗಿತ್ತು. 5ನೇ ಸೆಕ್ಷನ್ ತಪ್ಪಿಸುತ್ತಿದ್ದದ್ದು ಇದೇ ವಿಳಂಬವನ್ನು.

ಜಾರ್ಜಿಯಾದ 2021ರ ಕಾನೂನಿನಲ್ಲಿ ಮತಗಟ್ಟೆಯ 150 ಅಡಿಯೊಳಗೆ ಸಾಲಿನಲ್ಲಿ ನಿಂತವರಿಗೆ ನೀರು, ತಿಂಡಿ ಕೊಡುವುದು ಅಪರಾಧ. ಆಮಿಷ ತಡೆಯಲು ಈ ನಿಯಮ, ಚುನಾವಣಾ ಸಿಬ್ಬಂದಿ ನೀರು ಇಡಬಹುದು ಅಂತ ಸರ್ಕಾರದ ಸಮಜಾಯಿಷಿ. ಆದರೆ ಗಂಟೆಗಟ್ಟಲೆ ಸಾಲು ಬೆಳೆಯುವುದು ಹೆಚ್ಚಾಗಿ ಯಾರ ಬಡಾವಣೆಯಲ್ಲಿ ಅನ್ನುವುದನ್ನು 2020ರ ಅಟ್ಲಾಂಟಾ ತೋರಿಸಿತ್ತು.

ಎದುರು ಕಡೆಯವರ ಮಾತನ್ನೂ ಕೇಳಬೇಕು. ಗುರುತಿನ ಚೀಟಿ ಕೇಳುವುದರಲ್ಲಿ ತಪ್ಪೇನು, ಎಷ್ಟೋ ದೇಶಗಳಲ್ಲಿ ಕೇಳುತ್ತಾರಲ್ಲ ಅಂತ ಅವರು ಹೇಳುತ್ತಾರೆ. ನಮ್ಮಲ್ಲೂ ಕೇಳುತ್ತಾರೆ, ನಿಜ. ಇವತ್ತಿನ ಜಾರ್ಜಿಯಾ 1962ರ ಮಿಸಿಸಿಪ್ಪಿ ಅಲ್ಲ ಅನ್ನುವುದೂ ನಿಜ. ಅರ್ಜಿ ಹಾಕಿದ್ದಕ್ಕೆ ಯಾರೂ ರಾತ್ರೋರಾತ್ರಿ ಮನೆ ಬಿಡುವುದಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟರೆ ಹೇಮರ್ ಪಟ್ಟ ಪಾಡಿಗೇ ಅವಮಾನ. ನಾನು ಹೇಳುವುದು ಬೇರೆ. 1890ರ ನಿಯಮಗಳಲ್ಲೂ ಬಣ್ಣದ ಮಾತಿರಲಿಲ್ಲ, ಎಲ್ಲರಿಗೂ ಒಂದೇ ಪರೀಕ್ಷೆ ಅಂತಲೇ ಬರೆದಿತ್ತು. ಆ ನಿಯಮ ಯಾರಿಗಾಗಿ ಅನ್ನುವುದು ಕಾನೂನಿನ ಪುಸ್ತಕ ಓದಿದರೆ ಗೊತ್ತಾಗುತ್ತಿರಲಿಲ್ಲ. ಇಂಡಿಯನೋಲಾದ ಆ ಕೋಣೆಗೆ ಹೋಗಿ ಬಂದವರು ಬಾಯಿಬಿಟ್ಟು ಹೇಳಿದಾಗಲೇ ಗೊತ್ತಾದದ್ದು. ಗುರುತಿನ ಚೀಟಿ ಕೇಳಬೇಕೇ ಅನ್ನುವುದಕ್ಕಿಂತ ಯಾವ ಚೀಟಿ, ಅದನ್ನು ಕೊಡುವ ಕಚೇರಿ ಎಷ್ಟು ದೂರ, ಸಿಗದಿದ್ದವರ ಗತಿ ಏನು ಅಂತ ಕೇಳಬೇಕು. ಹೇಮರ್ ಸಾಕ್ಷಿ ಕಲಿಸುವುದು ಇಂಥ ಪ್ರಶ್ನೆ ಕೇಳುವುದನ್ನು.

ಕೋರ್ಟಿನ ದಾರಿ ಪೂರ್ತಿ ಮುಚ್ಚಿರಲಿಲ್ಲ. ಅಲಬಾಮಾದಲ್ಲಿ ಕಪ್ಪು ಜನ ಕಾಲುಭಾಗಕ್ಕಿಂತ ಜಾಸ್ತಿ ಇದ್ದರೂ ಏಳು ಕ್ಷೇತ್ರಗಳಲ್ಲಿ ಅವರ ಮಾತು ನಡೆಯುತ್ತಿದ್ದದ್ದು ಒಂದರಲ್ಲಿ. ಇದು ಜನಾಂಗದ ಕಾರಣಕ್ಕೆ ವೋಟಿನ ಬಲ ಕುಗ್ಗಿಸುವುದನ್ನು ತಡೆಯುವ, ಮತದಾನ ಹಕ್ಕು ಕಾಯ್ದೆಯ 2ನೇ ಸೆಕ್ಷನ್‌ಗೆ ವಿರುದ್ಧ ಅಂತ 2023ರಲ್ಲಿ ಸುಪ್ರೀಂ ಕೋರ್ಟು 5–4ರಲ್ಲಿ ಹೇಳಿತು. ಲೂಸಿಯಾನಾದ ಅಂಥದ್ದೇ ಕ್ಷೇತ್ರ ವಿಂಗಡಣೆ ಕೇಸಿನಲ್ಲಿ ಅದೇ ಕೋರ್ಟು 2025ರ ಅಕ್ಟೋಬರಿನಲ್ಲಿ ಎರಡನೇ ಸಲ ವಾದ ಕೇಳಿತು. ಈ ಸಲ ಎದುರಿಗಿದ್ದ ಪ್ರಶ್ನೆ ಜನಾಂಗ ನೋಡಿ ಕ್ಷೇತ್ರ ಮಾಡುವುದೇ ಸಂವಿಧಾನಕ್ಕೆ ವಿರುದ್ಧವೇ ಅನ್ನುವುದು.

ನಮಗ್ಯಾಕೆ ಈ ದೂರದ ಊರಿನ ಜಗಳ ಅಂತ ಅನಿಸಬಹುದು. ಡಲ್ಲಾಸ್‌ನಲ್ಲೋ ನ್ಯೂಜೆರ್ಸಿಯಲ್ಲೋ ಅಣ್ಣ, ತಂಗಿ, ಮಗಳು ಇರುವ ಕನ್ನಡ ಮನೆಗಳಿಗೆ ಇದು ಅಷ್ಟೇನೂ ದೂರದ್ದಲ್ಲ. 1965ಕ್ಕೆ ಮುಂಚೆ ವಲಸೆಗೆ ಭಾರತದ ಕೋಟಾ ವರ್ಷಕ್ಕೆ 100 ಜನ. ಹುಟ್ಟಿದ ದೇಶ ನೋಡಿ ತಡೆಯುವ ಆ ಪದ್ಧತಿ ಹೋದದ್ದು ಮತದಾನ ಹಕ್ಕು ಕಾಯ್ದೆ ಬಂದ ಎರಡೇ ತಿಂಗಳಿಗೆ, ನಾಗರಿಕ ಹಕ್ಕು ಚಳವಳಿ ಎಬ್ಬಿಸಿದ ಅದೇ ಗಾಳಿಯಲ್ಲಿ. ಅಲ್ಲಿ ಹುಟ್ಟಿದ ಮಗು ಅಲ್ಲಿನ ನಾಗರಿಕ ಅನ್ನುವ 14ನೇ ತಿದ್ದುಪಡಿ 1868ರಲ್ಲಿ ಬಂದದ್ದು ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರಿಗಾಗಿ. ಎಚ್–1ಬಿ ವೀಸಾದವರ ಮಕ್ಕಳಿಗೂ ಪೌರತ್ವ ಸಿಗುತ್ತಾ ಬಂದದ್ದು ಅದರಿಂದಲೇ. 2025ರ ಜನವರಿಯಲ್ಲಿ ಅಧ್ಯಕ್ಷ ಟ್ರಂಪ್ ಇದಕ್ಕೆ ಕತ್ತರಿ ಹಾಕುವ ಆದೇಶ ಹೊರಡಿಸಿದಾಗ ಕೆಳಗಿನ ಕೋರ್ಟುಗಳು ತಡೆದವು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಆಗ ಕನ್ನಡದ ವಾಟ್ಸಾಪ್ ಗುಂಪುಗಳಲ್ಲಿ ಓಡಾಡಬೇಕಾಗಿದ್ದ ಇತಿಹಾಸ ಕಪ್ಪು ಜನರದ್ದೇ. ಮತದಾನ ಹಕ್ಕು ಕಾಯ್ದೆಗೆ 1975ರಲ್ಲಿ ಸೇರಿಸಿದ ಭಾಷಾ ನಿಯಮದಿಂದ ಕ್ವೀನ್ಸ್‌ನಲ್ಲಿ ಬಂಗಾಳಿಯಲ್ಲಿ, ಶಿಕಾಗೋದ ಕುಕ್ ಕೌಂಟಿಯಲ್ಲಿ ಹಿಂದಿಯಲ್ಲಿ ಮತಪತ್ರ ಸಿಕ್ಕಿದೆ.

ಈ ಹೋರಾಟದ ಬೆಲೆ ಗುರುತಿಸಿದ ನಮ್ಮವರಲ್ಲಿ ಅಂಬೇಡ್ಕರ್ ಒಬ್ಬರು. ಅಮೆರಿಕದ ಕಪ್ಪು ಜನ ವಿಶ್ವಸಂಸ್ಥೆಗೆ ಮನವಿ ಕೊಟ್ಟ ಸುದ್ದಿ ಓದಿ 1946ರಲ್ಲಿ ಅವರು ಅಲ್ಲಿನ ಕಪ್ಪು ಚಿಂತಕ ಡಬ್ಲ್ಯು.ಇ.ಬಿ. ಡು ಬಾಯ್ಸ್‌ಗೆ ಪತ್ರ ಬರೆದು ಅದರ ಪ್ರತಿ ಕೇಳಿದ್ದರು. ಅಂಬೇಡ್ಕರ್ ಕೇಳಿದ್ದೂ ದಾಖಲೆಯನ್ನೇ ಅಲ್ವಾ?

ಹೋರಾಟದ ಒಳಗೂ ಕೆಲವು ದನಿಗಳನ್ನು ತಗ್ಗಿಸಿದ್ದರು ಅನ್ನುವುದನ್ನು ಮರೆಯಬಾರದು. ಕಿಂಗ್ ಕನಸಿನ ಭಾಷಣ ಮಾಡಿದ 1963ರ ವಾಷಿಂಗ್ಟನ್ ಸಭೆಯಲ್ಲಿ 23 ವರ್ಷದ ಜಾನ್ ಲೂಯಿಸ್ ಬರೆದು ತಂದಿದ್ದ ಭಾಷಣ ಖಾರ ಜಾಸ್ತಿಯಾಯಿತು ಅಂತ ಹಿರಿಯರೇ ತಿದ್ದಿಸಿದರು. ವಿದ್ಯಾರ್ಥಿ ಹೋರಾಟಗಾರರ ಸಂಘಟನೆ ಕಟ್ಟಿಸಿದ ಎಲ್ಲಾ ಬೇಕರ್ (Ella Baker) ಅನ್ನುವ ಹೆಂಗಸಿನ ಹೆಸರು ಇವತ್ತಿಗೂ ಎಷ್ಟೋ ಜನಕ್ಕೆ ಗೊತ್ತಿಲ್ಲ. ಹಳ್ಳಿಯ ಜನ ತಮ್ಮ ಮಾತು ತಾವೇ ಆಡಬೇಕು, ದೊಡ್ಡ ನಾಯಕನಿಗೆ ಕಾಯಬಾರದು ಅನ್ನುವುದು ಬೇಕರ್ ಅವರ ಪಾಠ. ಹೇಮರ್ ಬಾಯಿ ತೆರೆದದ್ದು ಆ ಪಾಠದ ನೆಲದ ಮೇಲೆ.

2013ರ ತೀರ್ಪು ಒಂದು ಬಾಗಿಲನ್ನು ತೆರೆದೇ ಇಟ್ಟಿದೆ. ಇವತ್ತಿನ ಪರಿಸ್ಥಿತಿಯ ಆಧಾರದ ಮೇಲೆ ಸಂಸತ್ತು ಹೊಸ ಸೂತ್ರ ಮಾಡಬಹುದು ಅಂತ ಅದೇ ಹೇಳುತ್ತದೆ. ಅಂಥ ಸೂತ್ರ ತರಲು ಹೊರಟ, ಜಾನ್ ಲೂಯಿಸ್ ಹೆಸರಿನ ಮಸೂದೆ 2021ರ ಆಗಸ್ಟ್‌ನಲ್ಲಿ ಕೆಳಮನೆಯಲ್ಲಿ ಪಾಸಾಯಿತು, ಸೆನೆಟ್‌ನಲ್ಲಿ ನಿಂತುಹೋಯಿತು. ಮತ್ತೆ ಅಂಥದ್ದೊಂದು ಮಸೂದೆ ಗೆಲ್ಲಬೇಕಾದರೆ ಕಾಲ ಬದಲಾಗಿದೆ ಅನ್ನುವ ವಾದಕ್ಕೆ ಉತ್ತರ ಕೊಡುವಂಥ ಹೊಸ ದಾಖಲೆ ಬೇಕು. ಯಾವ ಮತಗಟ್ಟೆ ಮುಚ್ಚಿದರು, ಪಟ್ಟಿಯಿಂದ ಯಾರ ಹೆಸರು ಹೋಯಿತು, ಸಾಲಿನಲ್ಲಿ ಎಷ್ಟು ಹೊತ್ತು ನಿಂತರು ಅಂತ ಜನ ತಮ್ಮ ಹೆಸರು, ಊರು, ದಿನಾಂಕ ಸಮೇತ ಹೇಳಬೇಕಾಗುತ್ತದೆ.